ಹಟ್ಟಿ ಇದ್ದ ಜಾಗದಲ್ಲಿ ಒಂದು ಕೋಣೆ

ಪುತ್ತೂರಿನಿಂದ ಸುಳ್ಯದ ಕಡೆಗೆ ಹೋಗುವಾಗ, ಕುಂಬ್ರ ದಾಟಿದ ಮೇಲೆ, ರಸ್ತೆಯಿಂದ ಕೆಳಗಿಳಿಯುವ ಯಾವ ಮಣ್ಣಿನ ದಾರಿ ಹಿಡಿದರೂ ಕೊನೆಗೆ ಒಂದು ಅಡಿಕೆ ತೋಟ, ಒಂದು ಅಂಗಳ, ಒಂದು ಹಂಚಿನ ಮನೆ ಸಿಗುತ್ತದೆ. ಮನೆಯ ಪಕ್ಕದಲ್ಲಿ ಹಟ್ಟಿ. ಇತ್ತೀಚೆಗೆ ಆ ಹಟ್ಟಿಗಳಿಗೆ ಇಣುಕಿ ನೋಡಿದ್ದೀರಾ? ಹಲವು ಕಡೆ ದನ ಇಲ್ಲ. ಬೋರ್ಡೋ ದ್ರಾವಣದ ಡ್ರಮ್ಮು, ಸ್ಪ್ರಿಂಕ್ಲರ್ ಪೈಪು, ಯಾರದೋ ಹಳೆ ಸ್ಕೂಟರು, ಒಡೆದ ಹಂಚಿನ ರಾಶಿ. ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಹಟ್ಟಿ ಗೋಡೌನ್ ಆಗಿದೆ.

ನಮ್ಮದೂ ಹಾಗೆಯೇ. ಅಪ್ಪ ತೀರಿಹೋದ ಮರುವರ್ಷ ಅಮ್ಮ ಕೊನೆಯ ದನವನ್ನು ಪಕ್ಕದ ಮನೆಯವರಿಗೆ ಕೊಟ್ಟರು. ಅಲ್ಲಿಂದ ಅದು ಖಾಲಿ. ಹನ್ನೆರಡು ಅಡಿ ಅಗಲ, ಹದಿನೆಂಟು ಅಡಿ ಉದ್ದ. ನಾಲ್ಕು ಕಡೆ ಸೊಂಟದ ಎತ್ತರದ ಮುರಕಲ್ಲಿನ ಗೋಡೆ, ಅದರ ಮೇಲೆ ಕಂಬ, ಕಂಬದ ಮೇಲೆ ಒರಲೆ ಹಿಡಿದ ಪಕ್ಕಾಸು. ಪೂರ್ವಕ್ಕೆ ತೋಟ. ಬೆಳಗ್ಗೆ ಎಂಟಕ್ಕೆ ಅಡಿಕೆ ಮರಗಳ ನಡುವಿನಿಂದ ಬಿಸಿಲು ಉದ್ದುದ್ದ ಪಟ್ಟಿಯಾಗಿ ಒಳಗೆ ಬೀಳುತ್ತದೆ. ಊರಿಗೆ ಹೋದಾಗಲೆಲ್ಲ ಲ್ಯಾಪ್‌ಟಾಪ್ ಹಿಡಿದುಕೊಂಡು ಜಗಲಿ, ಚಾವಡಿ, ಅಟ್ಟ ಎಂದು ಅಲೆಯುತ್ತಿದ್ದ ನನಗೆ, ಇಡೀ ಜಾಗದಲ್ಲಿ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದು ಈ ಹಟ್ಟಿಯ ಮೂಲೆಯಲ್ಲಿ ಅಂತ ಗೊತ್ತಾದದ್ದು ಒಂದು ವೀಡಿಯೊ ಕಾಲಿನ ನಡುವೆ.

ನನ್ನ ಆಫೀಸಿನಲ್ಲಿ ತಿಂಗಳಿಗೆ ಹತ್ತು ದಿನ ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು. ಆ ಹತ್ತು ದಿನ ಅಮ್ಮನ ಜೊತೆ ಇರಬೇಕೆಂದರೆ ಒಂದು ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕು. ಅಮ್ಮನಿಗೆ ಅಡಿಕೆ ಸುಲಿಯಲು ಮಳೆ ತಾಗದ ಜಾಗ ಬೇಕು. ನೆಂಟರು ಬಂದರೆ ಮಲಗಲು ಬೇಕು. ಒಂದೇ ಕೋಣೆ, ಮೂರು ಕೆಲಸ. ಬೆಂಗಳೂರಿನ ಇಂಟೀರಿಯರ್ ಪುಟಗಳಲ್ಲಿ ಇದಕ್ಕೆ ‘ಗಾರ್ಡನ್ ರೂಮ್’ ಅನ್ನುತ್ತಾರೆ. ಗಾಜಿನ ಗೋಡೆ, ಮರದ ಡೆಕ್, ತೂಗುವ ಕುರ್ಚಿ, ಒಂದು ಮಗ್ ಕಾಫಿ. ನೋಡಲು ಚಂದ. ಆದರೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಆ ಡೆಕ್ ಎರಡನೇ ಆಟಿ ತಿಂಗಳನ್ನು ಕಾಣುವುದು ಕಷ್ಟ.

ಮೊದಲು ರೆಡಿಮೇಡ್ ದಾರಿ ವಿಚಾರಿಸಿದೆ. ಕಂಟೇನರ್ ಕ್ಯಾಬಿನ್ ಮಾಡುವವರೊಬ್ಬರು 20 ಅಡಿ ಉದ್ದ, 8 ಅಡಿ ಅಗಲದ್ದಕ್ಕೆ 2 ಲಕ್ಷ 90 ಸಾವಿರ ಹೇಳಿದರು. ಒಳಗೆ ಲೈಟು, ಫ್ಯಾನು, ಎಲ್ಲ ಸೇರಿ. ಮೇಲೆ ಲಾರಿ ಬಾಡಿಗೆ, ಇಳಿಸಲು ಕ್ರೇನು. ನಮ್ಮ ದಾರಿಯ ಮೊದಲ ತಿರುವಿನಲ್ಲೇ ಪಿಕಪ್ ಹಿಂದೆ ಮುಂದೆ ಮಾಡಿಕೊಂಡು ಬರುವುದು, ಕ್ರೇನ್ ಎಲ್ಲಿಂದ? ಆ ವಿಷಯ ಅಲ್ಲಿಗೇ ಮುಗಿಯಿತು. ಬಂದಿದ್ದರೂ ತಗಡಿನ ಪೆಟ್ಟಿಗೆಯ ಮೇಲೆ ಜೂನ್ ತಿಂಗಳ ಮಳೆ ಬೀಳುವಾಗ ಮೀಟಿಂಗಿನಲ್ಲಿ ಯಾರ ಮಾತೂ ಕೇಳಿಸದು.

ಹಾಗಾಗಿ ಅಕ್ಟೋಬರಿನಲ್ಲಿ ಒಂದು ವಾರ ರಜೆ ಹಾಕಿ ಊರು ಸುತ್ತಿದೆ. ಕಟ್ಟುವ ಮೊದಲು ನೋಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಫೋನಿನಲ್ಲಿ ನೋಡಿದ ಕೋಣೆಗೆ ವಾಸನೆ ಇಲ್ಲ, ಸೆಕೆ ಇಲ್ಲ, ಸೊಳ್ಳೆ ಇಲ್ಲ.

ಪುತ್ತೂರು ಪೇಟೆಯಿಂದ ಹತ್ತು ನಿಮಿಷದ ದಾರಿ, ಪರ್ಲಡ್ಕದ ಬಾಲವನ. ಶಿವರಾಮ ಕಾರಂತರು ಸಾಲಿಗ್ರಾಮಕ್ಕೆ ಹೋಗುವ ಮೊದಲು ದಶಕಗಳ ಕಾಲ ಇದ್ದ ಜಾಗ. ಶಾಲೆಯ ಪ್ರವಾಸದಲ್ಲಿ ಹೋಗಿದ್ದಾಗ ಕಂಡದ್ದು ಜಾರುಬಂಡಿ ಮಾತ್ರ. ಈ ಸಲ ಕಂಡದ್ದು ಬೇರೆ. ಮನೆ ಒಂದು ಕಡೆ, ನಾಟ್ಯಶಾಲೆ ಇನ್ನೊಂದು ಕಡೆ, ನಡುವೆ ಮರಗಳು. ಒಂದೇ ಕಾಂಪೌಂಡಿನಲ್ಲಿ ಬದುಕಿಗೊಂದು ಸೂರು, ಕೆಲಸಕ್ಕೊಂದು ಸೂರು. ನಡುವಿನ ನಾಲ್ಕು ಹೆಜ್ಜೆ ನಡೆಯುವಾಗ ತಲೆಯೂ ಬದಲಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಮಂಚದಿಂದ ಮೇಜಿಗೆ ಎರಡೇ ಅಡಿ ಇರುವ ನನ್ನಂಥವರಿಗೆ ಇದರ ಬೆಲೆ ಗೊತ್ತು.

ಮರುದಿನ ಮಣಿಪಾಲಕ್ಕೆ ಹೋದೆ. ನೂರು ಕಿಲೋಮೀಟರಿಗೂ ಮೇಲೆ, ಆದರೆ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡದೆ ಈ ಭಾಗದಲ್ಲಿ ಯಾರೂ ಮನೆ ಕಟ್ಟಬಾರದು. ಬೀಳುತ್ತಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು, ತೊಲೆ ತೊಲೆಯಾಗಿ ಮತ್ತೆ ಜೋಡಿಸಿ ನಿಲ್ಲಿಸಿದವರು ವಿಜಯನಾಥ ಶೆಣೈ. ಕುಂಜೂರು ಚೌಕಿಮನೆಯ ಒಳಗೆ ನಿಂತಾಗ ಹೊರಗೆ ಮಧ್ಯಾಹ್ನದ ಸೆಕೆ, ಒಳಗೆ ತಂಪು. ಎಲ್ಲರೂ ಕೆತ್ತನೆಯ ಕಂಬ ನೋಡುತ್ತಿದ್ದರು. ನಾನು ಮಾಡಿನ ಇಳಿಜಾರು ನೋಡುತ್ತಿದ್ದೆ. ಸೂರಿನ ಅಂಚು ಎಷ್ಟು ಕೆಳಗೆ ಬಂದಿದೆ, ಗೋಡೆಯಿಂದ ಎಷ್ಟು ಮುಂದೆ ಚಾಚಿದೆ ಅಂತ. ಕರಾವಳಿಯ ಮನೆಯ ಅರ್ಧ ಬುದ್ಧಿ ಆ ಚಾಚಿನಲ್ಲಿದೆ. ಗೋಡೆ ಒದ್ದೆಯಾಗದಿದ್ದರೆ ಮನೆ ನೂರು ವರ್ಷ ನಿಲ್ಲುತ್ತದೆ. ಗೋಡೆ ಒದ್ದೆಯಾದರೆ ಯಾವ ಬ್ರಾಂಡಿನ ವಾಟರ್‌ಪ್ರೂಫ್ ಪೇಂಟೂ ಮೂರನೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.

ಅಲ್ಲಿಂದ ಬಂದ ರಾತ್ರಿ ಲೆಕ್ಕ ಹಾಕಿದೆ. ಹನ್ನೆರಡು ಹದಿನೆಂಟರ ಕೋಣೆಗೆ ನಾಲ್ಕೂ ಕಡೆ ಮೂರು ಮೂರು ಅಡಿ ಸೂರು ಚಾಚಿದರೆ ಮಾಡಿನ ಅಡಿಯ ಜಾಗ 18 ಅಡಿ ಅಗಲ, 24 ಅಡಿ ಉದ್ದ. ಅಂದರೆ 432 ಚದರಡಿ, ಸುಮಾರು 40 ಚದರ ಮೀಟರ್. ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ (ಜುಲೈಯಲ್ಲಿ ಇದು ದೊಡ್ಡ ಸುದ್ದಿಯೇ ಅಲ್ಲ) ಆ ಮಾಡಿನಿಂದ ಇಳಿಯುವ ನೀರು 4,000 ಲೀಟರ್. ನಾಲ್ಕು ದೊಡ್ಡ ಸಿಂಟೆಕ್ಸ್ ಟ್ಯಾಂಕಿನಷ್ಟು ನೀರು, ಒಂದೇ ದಿನ, ಒಂದು ಸಣ್ಣ ಕೋಣೆಯ ಸುತ್ತ. ಅದು ಎಲ್ಲಿಗೆ ಹೋಗಬೇಕು ಅಂತ ಮೊದಲು ಬರೆದುಕೊಂಡೆ, ಮೇಜು ಎಲ್ಲಿಡಬೇಕು ಅಂತ ಆಮೇಲೆ. ಹಟ್ಟಿಯ ಹಿಂದೆ ಹಳೆಯ ಕಣಿ ಒಂದಿದೆ, ಮಣ್ಣು ತುಂಬಿದೆ. ಅದನ್ನು ಬಿಡಿಸಿ ತೋಟದ ಇಂಗುಗುಂಡಿಗೆ ಸೇರಿಸುವುದು ಎರಡು ಆಳಿನ ಎರಡು ದಿನದ ಕೆಲಸ.

ಮೇಸ್ತ್ರಿಗಳು ಬಂದದ್ದು ಗುರುವಾರ. ನಮ್ಮ ಮನೆಯ ಬಚ್ಚಲು, ಅಂಗಳದ ಕಟ್ಟೆ, ಬಾವಿಯ ದಂಡೆ, ಎಲ್ಲ ಅವರ ಕೈಯಲ್ಲೇ ಆದದ್ದು. ಟೇಪು ಹಿಡಿಯುವ ಮೊದಲು ಹಟ್ಟಿಯ ಸುತ್ತ ಎರಡು ಸುತ್ತು ಬಂದರು, ಕಾಲಿನಿಂದ ನೆಲ ಮೆಟ್ಟಿ ನೋಡಿದರು.

“ಪಂಚಾಂಗ ಗಟ್ಟಿ ಉಂಟು ಅಕ್ಕ. ಇದನ್ನು ಎಂತಕ್ಕೆ ತೆಗಿಯುವುದು? ನಿಮ್ಮ ಅಜ್ಜ ಕಾಲದ್ದು, ಒಂದು ಕಲ್ಲು ಅಲ್ಲಾಡ್ಲಿಲ್ಲ.”

ಆ ಒಂದು ಮಾತಿಗೆ ನನ್ನ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲು ಪೂರ್ತಿ ಅಳಿಸಿಹೋಯಿತು. ಹಳೆ ಪಂಚಾಂಗ ಇದ್ದಲ್ಲಿ ಹೊಸ ಗೋಡೆ ಎತ್ತುವುದು ಎಷ್ಟು ದುಡ್ಡು ಉಳಿಸುತ್ತದೆ ಅಂತ ಗೊತ್ತಾಗಬೇಕಾದರೆ ಯಾರಾದರೂ ಕಟ್ಟುವವರ ಹತ್ತಿರ ಕೇಳಿ. ಮಾಡು ಮಾತ್ರ ಪೂರ್ತಿ ಇಳಿಸಬೇಕು. ಪಕ್ಕಾಸುಗಳಲ್ಲಿ ಎರಡೋ ಮೂರೋ ಕಿರಾಲ್‌ಬೋಗಿ, ಅವು ಹಾಗೇ ಇವೆ. ಉಳಿದವು ಬೆರಳಿನಲ್ಲಿ ಒತ್ತಿದರೆ ಹುಡಿ. ಹೊಸ ಮರ ಹಾಕುವಷ್ಟು ನನ್ನ ಹತ್ತಿರ ಇಲ್ಲ, ಇದ್ದರೂ ಒರಲೆಗೆ ಊಟ ಹಾಕುವ ಮನಸ್ಸಿಲ್ಲ. ಕಬ್ಬಿಣದ ಚೌಕ ಪೈಪಿನ ಮಾಡು, ಮೇಲೆ ಹಂಚು. ಇಳಿಜಾರು 30 ಡಿಗ್ರಿ ಇಟ್ಟರೆ ಮಾಡಿನ ಮೇಲ್ಮೈ 500 ಚದರಡಿಯ ಹತ್ತಿರ ಬರುತ್ತದೆ.

ಹಂಚಿನ ವಿಷಯ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಅದಕ್ಕಾಗಿಯೇ ಅರ್ಧ ದಿನ ಮಂಗಳೂರಿಗೆ ಹೋಗಿದ್ದೆ. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ, ಬಾಸೆಲ್ ಮಿಷನ್ನಿನವರು ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದರು. ಹೊಳೆಯ ಜೇಡಿಮಣ್ಣು, ದೋಣಿಯಲ್ಲಿ ಬರುವ ಸೌದೆ, ಪಕ್ಕದಲ್ಲೇ ಬಂದರು. ಅದಕ್ಕೇ ‘ಮಂಗಳೂರು ಹಂಚು’ ಅಂತ ಹೆಸರು ಎಲ್ಲೆಲ್ಲಿಗೋ ಹೋಯಿತು. ಈಗ ಆ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ, ಚಿಮಣಿ ಇದ್ದ ಜಾಗದಲ್ಲಿ ಫ್ಲಾಟುಗಳು ಬಂದಿವೆ. ಆದರೆ ಅವುಗಳ ಹಂಚು ನಮ್ಮ ಹಟ್ಟಿಯ ಮೇಲಿದೆ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರ. ಒಳ್ಳೆಯದೋ ಅಲ್ಲವೋ ಅಂತ ನೋಡಲು ಮೇಸ್ತ್ರಿಗಳು ಕಲಿಸಿದ ಉಪಾಯ ಸುಲಭ. ಬೆರಳ ಗಂಟಿನಿಂದ ಕುಟ್ಟಿ. ‘ಠಣ್’ ಅಂದರೆ ಇಟ್ಟುಕೊಳ್ಳಿ, ‘ದಪ್’ ಅಂದರೆ ಕಣಿಗೆ ಹಾಕಿ. ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 15 ಹಂಚು ಬೇಕು. ನಮಗೆ ಒಡೆಯುವುದೂ ಸೇರಿ 750. ಹಳೆಯದರಲ್ಲಿ 400 ಠಣ್ ಅಂದವು. ಉಳಿದ 350 ಹೊಸದು, ಮೂಲೆ ಹಂಚೂ ಸೇರಿ 20,000 ರೂಪಾಯಿ.

ಕಲ್ಲು ನೋಡಲು ಹೋದದ್ದು ಶುಕ್ರವಾರ. ನಮ್ಮ ಕಡೆಯವರು ಮುರಕಲ್ಲು ಅನ್ನುತ್ತೇವೆ, ಉತ್ತರ ಕನ್ನಡದವರು ಚೀರೆಕಲ್ಲು ಅನ್ನುತ್ತಾರೆ. ಇಂಗ್ಲಿಷಿನ ‘ಲ್ಯಾಟರೈಟ್’ ಎಂಬ ಹೆಸರು ಫ್ರಾನ್ಸಿಸ್ ಬುಕಾನನ್ ಕೊಟ್ಟದ್ದು. 1800ರಲ್ಲಿ ಮಲಬಾರಿನ ಅಂಗಾಡಿಪುರಂನಲ್ಲಿ ಜನ ನೆಲವನ್ನೇ ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ನೋಡಿ, ಇಟ್ಟಿಗೆಗೆ ಇರುವ ಲ್ಯಾಟಿನ್ ಪದದಿಂದ ಅದನ್ನು ಮಾಡಿದ. ಕೋರೆಯ ಅಂಚಿನಲ್ಲಿ ನಿಂತರೆ ಆತನಿಗೆ ಹಾಗನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕೆಂಪು ನೆಲ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ, ಮಷಿನು ಉದ್ದಕ್ಕೆ ಗೆರೆ ಕೊರೆಯುತ್ತಾ ಹೋಗುತ್ತದೆ, ಹಿಂದಿನಿಂದ ಇಬ್ಬರು ಹಾರೆಯಲ್ಲಿ ಕಲ್ಲು ಎಬ್ಬಿಸುತ್ತಾರೆ. ಅವರ ರೆಪ್ಪೆಯ ಮೇಲೂ ಕೆಂಪು ಹುಡಿ. ಪಕ್ಕದಲ್ಲಿ ಕೆಲಸ ಮುಗಿದ ಹೊಂಡ, ಅದರಲ್ಲಿ ಮಳೆಗಾಲದ ಹಸಿರು ನೀರು, ಸುತ್ತ ಬೇಲಿ ಇಲ್ಲ. ನನ್ನ ಕೋಣೆಯ 500 ಕಲ್ಲೂ ಇಂಥ ಒಂದು ಹೊಂಡದಿಂದಲೇ ಬರುವುದು ಅಂತ ಗೊತ್ತಿದ್ದೇ ಬೆಲೆ ಕೇಳಿದೆ. ಮನೆಗೆ ತಂದು ಇಳಿಸಿ ಒಂದಕ್ಕೆ 52 ರೂಪಾಯಿ. ಒಟ್ಟು 26,000.

ಹೊಸದಾಗಿ ಕಡಿದ ಕಲ್ಲು ಮೆದು. ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಕೋರೆಗೆ ನೀರು ತುಂಬುವುದರಿಂದ ಬೇಕಾದಾಗ ಸಿಗುವುದೂ ಇಲ್ಲ. ಹಾಗಾಗಿ ದೀಪಾವಳಿ ಕಳೆದ ಕೂಡಲೇ ಕಲ್ಲು ತರಿಸಿ ಅಂಗಳದ ಬದಿ ಅಟ್ಟಿ ಹಾಕಿಡುವುದು, ಜನವರಿಯಲ್ಲಿ ಗೋಡೆ, ಮಾರ್ಚಿನಲ್ಲಿ ಮಾಡು. ಮೇಸ್ತ್ರಿಗಳ ಕ್ಯಾಲೆಂಡರಿನಲ್ಲಿ ಎರಡೇ ಗಡುವು. “ಏಪ್ರಿಲ್ ಹತ್ತರಿಂದ ಇಪ್ಪತ್ತರವರೆಗೆ ಜನ ಸಿಗ್ಲಿಕ್ಕಿಲ್ಲ, ಪುತ್ತೂರು ಜಾತ್ರೆ. ಮತ್ತೆ ಪತ್ತನಾಜೆ ಒಳಗೆ ಮಾಡು ಮುಚ್ಚಬೇಕು.” ಮೇ ಕೊನೆಗೆ ಬರುವ ಪತ್ತನಾಜೆಗೆ ಕೋಲ, ಆಟ ಎಲ್ಲ ಮುಗಿದು ಗೆಜ್ಜೆ ಬಿಚ್ಚುತ್ತಾರಲ್ಲ, ಆಮೇಲೆ ಆಕಾಶವನ್ನು ನಂಬುವ ಹಾಗಿಲ್ಲ.

ಇನ್ನು ದುಡ್ಡು. ನನ್ನ ಉಳಿತಾಯದಲ್ಲಿ ಇದಕ್ಕೆ ತೆಗೆಯಬಹುದಾದದ್ದು ನಾಲ್ಕೂವರೆ ಲಕ್ಷ. ಪರ್ಸನಲ್ ಲೋನ್ ಬಗ್ಗೆ ಬ್ಯಾಂಕಿನವರು ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ, ನಿಮಗೂ ಮಾಡುತ್ತಾರೆ ಅಂತ ಗೊತ್ತು. ಐದು ಲಕ್ಷಕ್ಕೆ 11 ಪರ್ಸೆಂಟಿನಂತೆ ಐದು ವರ್ಷ ಅಂದರೆ ತಿಂಗಳಿಗೆ 10,871 ರೂಪಾಯಿ ಇಎಂಐ, ಒಟ್ಟು ಬಡ್ಡಿ ಒಂದೂವರೆ ಲಕ್ಷದ ಮೇಲೆ. ಆ ಬಡ್ಡಿಯಲ್ಲಿ ನಮ್ಮ ಇಡೀ ಮಾಡು ಕಟ್ಟಿ ದುಡ್ಡು ಮಿಗುತ್ತದೆ. ಬೇಡ ಅಂದೆ. ಅಮ್ಮ ಒಂದು ಲಕ್ಷ ಕೊಡುತ್ತೇನೆಂದರು, ಕಳೆದ ವರ್ಷದ ಚಾಲಿ ಮಾರಿದ ಹಣ. ನಾನು ಬೇಡವೆಂದಾಗ, “ನನ್ನ ಹಟ್ಟಿ ಅಲ್ವಾ ಅದು?” ಅಂದರು. ಅದಕ್ಕೆ ಎದುರು ಮಾತಿಲ್ಲ. ಹಾಗೆ ಒಟ್ಟು ಐದೂವರೆ ಲಕ್ಷ.

ನನ್ನ ಮೊದಲ ಪಟ್ಟಿಯಲ್ಲಿ ಕಲ್ಲು, ಹಂಚಿನ ಜೊತೆ ಇದ್ದದ್ದು ಇಷ್ಟು: ಹಳೆ ಮಾಡು ಬಿಚ್ಚಿ ಜಾಗ ಸಮ ಮಾಡಲು 18,000, ಸಿಮೆಂಟು, ಹೊಯಿಗೆ, ಜಲ್ಲಿ, ಕಬ್ಬಿಣಕ್ಕೆ 62,000, ಗೋಡೆಯ ಕೂಲಿ 85,000, ಕಬ್ಬಿಣದ ಮಾಡು ಕೂಲಿ ಸೇರಿ ಇನ್ನೊಂದು 85,000, ಹಳೆ ಮರದ ಬಾಗಿಲು, ಕಿಟಕಿ 38,000, ರೆಡ್ ಆಕ್ಸೈಡ್ ನೆಲ 24,000, ವಯರಿಂಗು, ನೆಟ್ಟು, ಫ್ಯಾನು 46,000. ಇಷ್ಟೇ ಆದರೆ 4 ಲಕ್ಷ 4 ಸಾವಿರ. ಅದರ ಮೇಲೆ ತೋಟದ ಕಡೆಗೆ ಜಾರುವ ಗಾಜಿನ ಬಾಗಿಲು 60,000, ಏಸಿ 45,000. ಕೈಮೀರಿದ ಖರ್ಚಿಗೆ ಅಂತ 50,000 ಪ್ರತ್ಯೇಕ ಇಟ್ಟರೆ ಲೆಕ್ಕ 5 ಲಕ್ಷ 59 ಸಾವಿರಕ್ಕೆ ನಿಂತಿತು. ಒಂಬತ್ತು ಸಾವಿರ ಜಾಸ್ತಿ. ಸಣ್ಣ ಏಸಿ ನೋಡಿದರೆ ಸರಿಹೋಗಬಹುದು ಅಂತ ಅಂದುಕೊಂಡು ಮಲಗಿದೆ. (ಆ ಐವತ್ತು ಸಾವಿರವನ್ನು ಮಾತ್ರ ಮುಟ್ಟಬೇಡಿ. ಕಟ್ಟುವ ಕೆಲಸದಲ್ಲಿ ಮುಟ್ಟದ ಹಣ ಅಂತ ಒಂದಿದ್ದರೆ ಮಾತ್ರ ರಾತ್ರಿ ನಿದ್ದೆ.)

ಬಾಗಿಲು ಕಿಟಕಿ ಹುಡುಕಲು ಹೋದದ್ದು ಹಳೆ ಮನೆಗಳ ಸಾಮಾನು ಮಾರುವ ಒಂದು ಗುಜರಿ ಅಂಗಡಿಗೆ. ಅಲ್ಲಿಗೆ ಅಮ್ಮನೂ ಬಂದರು. ಒಂದು ಹಲಸಿನ ಮರದ ಬಾಗಿಲು ನನಗೆ ಹಿಡಿಸಿತು. ದಪ್ಪ ಹೊಸ್ತಿಲು, ಹಿತ್ತಾಳೆಯ ಚಿಲಕ. ಅಮ್ಮ ಹೊಸ್ತಿಲನ್ನೇ ನೋಡುತ್ತಾ ನಿಂತರು. ದಾಟುವಾಗ ಬಾಗಿಲಿನ ದಾರಂದವನ್ನು ಒಂದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಏನೂ ಆಗಿಲ್ಲವೆಂಬಂತೆ ಪಕ್ಕದ ಕಿಟಕಿಯ ಬೆಲೆ ಕೇಳಿದರು.

ನಮ್ಮ ಮನೆಗೆ ಅಂಗಳದಿಂದ ಐದು ಮೆಟ್ಟಿಲು. ಒಂದೊಂದೂ ಏಳೆಂಟು ಇಂಚು, ಹಿಡಿಯಲು ಏನೂ ಇಲ್ಲ. ಬಚ್ಚಲು ಮನೆಯ ಹಿಂದೆ, ಅದಕ್ಕೆ ಇನ್ನೆರಡು ಮೆಟ್ಟಿಲು ಇಳಿಯಬೇಕು. ಅಮ್ಮನಿಗೆ ಈಗ 67. ಮಂಡಿನೋವಿಗೆ ಎಣ್ಣೆ ಹಚ್ಚುತ್ತಾರೆ, ಡಾಕ್ಟರ್ ವಿಷಯ ಎತ್ತಿದರೆ ಒಲೆಯ ಮೇಲೆ ಏನೋ ಉಕ್ಕುತ್ತದೆ.

ಇದನ್ನು ಬಾಯಿಬಿಟ್ಟು ಹೇಳಿದವರು ಮೇಸ್ತ್ರಿಗಳು, ಅದೂ ಅಮ್ಮ ಚಾ ತರಲು ಒಳಗೆ ಹೋದಾಗ. “ಅಕ್ಕ, ಈ ಜಾಗ ಅಂಗಳಕ್ಕೆ ಸಮ ಉಂಟು. ಬರೀ ಅರ್ಧ ಅಡಿ ಎತ್ತರ. ದನ ಹತ್ತಬೇಕಲ್ಲ, ಹಾಗೆ ಮಾಡಿದ್ದು. ಬದಿಯಲ್ಲಿ ಒಂದು ಟಾಯ್ಲೆಟ್ ಹಾಕಿದ್ರೆ ಅಮ್ಮನಿಗೆ ನಾಳೆ ಬೇಕಾಗ್ತದೆ.”

ದನ ಹತ್ತಲೆಂದು ಮಾಡಿದ ಎತ್ತರ. ಆ ಸಂಜೆ ಕೂತು ಮತ್ತೆ ಗೀಚಿದೆ. ಗಾಲಿಕುರ್ಚಿ ಹೋಗುವ ಇಳಿಜಾರಿಗೆ ಒಂದಕ್ಕೆ ಹನ್ನೆರಡು ಎಂಬ ಲೆಕ್ಕ: ಒಂದು ಇಂಚು ಏರಲು ಹನ್ನೆರಡು ಇಂಚು ಉದ್ದ. ನಮ್ಮ ಮನೆಯ ಮೂರಡಿ ಎತ್ತರಕ್ಕೆ 36 ಅಡಿ ಇಳಿಜಾರು ಬೇಕು, ಅಂಗಳ ಪೂರ್ತಿ ಅದಕ್ಕೇ ಹೋಗುತ್ತದೆ. ಹಟ್ಟಿಗೆ ಆರೇ ಅಡಿ ಸಾಕು. ಹೊಸ್ತಿಲು ಬೇಡ. ಬಾಗಿಲು ತೆರೆದಾಗ ಮೂರಡಿ ಪೂರ್ತಿ ಸಿಗಬೇಕು. ಟಾಯ್ಲೆಟ್ ಐದು ಅಡಿಗೆ ಏಳು ಅಡಿ, ಬಾಗಿಲು ಹೊರಗೆ ತೆರೆಯಬೇಕು, ಒಳಗೆ ಯಾರಾದರೂ ಬಿದ್ದರೆ ತೆಗೆಯಲು ಆಗಬೇಕಲ್ಲ. ಗುಂಡಿ ಎಲ್ಲಿ? ಬಾವಿಯಿಂದ ಕನಿಷ್ಠ 15 ಮೀಟರ್ ದೂರ ಇರಲೇಬೇಕು, ಮುರಕಲ್ಲಿನ ನೆಲದಲ್ಲಿ ನೀರು ಸಲೀಸಾಗಿ ಹರಿಯುತ್ತದೆ, ಇನ್ನೂ ದೂರವಾದರೆ ಒಳ್ಳೆಯದು. ಹಟ್ಟಿಯಿಂದ ಬಾವಿಗೆ 40 ಅಡಿ ಮಾತ್ರ. ಹಾಗಾಗಿ ಟಾಯ್ಲೆಟ್ ದಕ್ಷಿಣದ ತುದಿಗೆ, ಗುಂಡಿ ಅದರಿಂದಲೂ ಆಚೆ, ತೆಂಗಿನ ಮರದ ಹತ್ತಿರ, ಇಳಿಜಾರಿನ ಕೆಳಗೆ. ಎಲ್ಲ ಸೇರಿ 82,000.

ಗಾಜು ಹೋಯಿತು, ಏಸಿ ಹೋಯಿತು. ಲೆಕ್ಕ 4 ಲಕ್ಷ 86 ಸಾವಿರಕ್ಕೆ ಬಂತು. ಐವತ್ತು ಸಾವಿರ ಮುಟ್ಟದ ಹಣ ಸೇರಿ 5 ಲಕ್ಷ 36 ಸಾವಿರ. ಮಿಕ್ಕ ಹದಿನಾಲ್ಕು ಸಾವಿರದಲ್ಲಿ ಒಂದು ಮೇಜು, ಒಂದು ಮಂಚ. ಟಾಯ್ಲೆಟ್ ಸೇರಿ ಚದರಡಿಗೆ 1,900 ಚಿಲ್ಲರೆ ಬೀಳುತ್ತದೆ.

ಗಾಜು ಇಲ್ಲದ್ದಕ್ಕೆ ನನಗೇನೂ ಬೇಸರ ಇಲ್ಲ. ಮಳೆ ನಮ್ಮ ಕಡೆ ಬೀಸುವುದು ಪಶ್ಚಿಮ, ನೈಋತ್ಯದಿಂದ. ಆ ಎರಡು ಬದಿ ಪೂರ್ತಿ ಗೋಡೆ. ತೋಟದ ಕಡೆಯ ಪೂರ್ವಕ್ಕೆ ಈಗಿರುವ ಮೂರಡಿ ಗೋಡೆಯೇ ಇರಲಿ, ಅದರ ಮೇಲೆ ಜಾಲರಿ, ಮೂರಡಿ ಚಾಚಿದ ಸೂರು. ಸೊಳ್ಳೆ ಬರುವುದಿಲ್ಲ, ಗಾಳಿ ಬರುತ್ತದೆ. ಹಂಚಿನ ಅಡಿಯಲ್ಲಿ ಗಾಳಿಯಾಡಿದರೆ ಏಪ್ರಿಲಿನ ಮಧ್ಯಾಹ್ನ ಫ್ಯಾನಿನಲ್ಲಿ ಕಳೆಯುತ್ತದೆ. ಅಜ್ಜನ ಕಾಲದಲ್ಲಿ ಫ್ಯಾನೂ ಇಲ್ಲದೆ ಕಳೆದಿದೆ. ಉತ್ತರದ ಮೂಲೆಯಲ್ಲಿ ನನ್ನ ಮೇಜು. ನಡುವಿನ ಜಾಗ ಖಾಲಿ, ಅಮ್ಮ ಮೆಟ್ಟುಕತ್ತಿ ಇಟ್ಟು ಕೂರುವಷ್ಟು. ಸುಲಿದ ಅಡಿಕೆ ಮಾತ್ರ ಅಲ್ಲಿಡುವುದಿಲ್ಲವಂತೆ, ಅಟ್ಟದಲ್ಲೇ ಇಡುವುದು. “ಈಗಿನ ರೇಟಿಗೆ ಜಾಲರಿಯ ಒಳಗೆ ಅಡಿಕೆ ಇಡ್ಲಿಕ್ಕೆ ಉಂಟಾ? ಕಳ್ಳರಿಗೆ ಚೀಲ ಕಟ್ಟಿಕೊಟ್ಟ ಹಾಗೆ.”

ವಯರಿಂಗಿನ 46,000 ಜಾಸ್ತಿ ಅಂತ ಅನ್ನಿಸಬಹುದು. ಬೆಂಗಳೂರಿನಲ್ಲಿರುವವರಿಗೆ ನಮ್ಮ ಏಪ್ರಿಲ್, ಮೇ, ಅಕ್ಟೋಬರಿನ ಸಿಡಿಲು ಗೊತ್ತಿಲ್ಲ. ಸಂಜೆ ನಾಲ್ಕಕ್ಕೆ ಆಕಾಶ ಕಪ್ಪಾದರೆ ಊರಿನ ಎಲ್ಲರೂ ಮೊದಲು ಓಡುವುದು ಟಿವಿ, ರೂಟರಿನ ಪ್ಲಗ್ಗು ಕೀಳಲು. ಎರಡು ವರ್ಷದಲ್ಲಿ ನಮ್ಮ ಎರಡು ರೂಟರ್ ಸುಟ್ಟಿವೆ. ಆದ್ದರಿಂದ ಹೊಸ ಕೋಣೆಗೆ ಬೇರೆಯೇ ಅರ್ಥಿಂಗ್, ಸಪರೇಟ್ ಎಂಸಿಬಿ, ಸರ್ಜ್ ತಡೆಯುವ ಸಾಧನ. ಮನೆಯ ಇನ್ವರ್ಟರಿನಿಂದ ಒಂದು ಲೈನು, ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಕೇಳುವವರು ಹೊರಗಿನವರು ಮಾತ್ರ. ಪಂಚಾಯತಿಗೂ ಹೋಗಿ ಬಂದೆ. ಹಟ್ಟಿ ವಾಸದ ಕೋಣೆ ಆಗುವುದಾದರೆ ಯಾವ ಕಾಗದ ಬೇಕು ಅಂತ ಮೊದಲೇ ಕೇಳಿಕೊಂಡರೆ ಗೋಡೆ ಎದ್ದ ಮೇಲೆ ತಲೆನೋವಿಲ್ಲ.

ಇಷ್ಟೆಲ್ಲ ಆದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಅವನು ಶಾರ್ಜಾದಲ್ಲಿ. ಅವನ ಮಾತು ಸುತ್ತಿಬಳಸುವುದಿಲ್ಲ.

“ಐದೂವರೆ ಲಕ್ಷ ಆ ಹಟ್ಟಿಗೆ? ಅಮ್ಮನನ್ನು ಬೆಂಗ್ಳೂರಿಗೆ ಕರ್ಕೊಂಡು ಹೋಗು. ಆ ದುಡ್ಡಲ್ಲಿ ಎರಡು ಬೆಡ್‌ರೂಮಿನ ಮನೆ ಹಿಡಿ, ಲಿಫ್ಟ್ ಇರುವಲ್ಲಿ. ಆಸ್ಪತ್ರೆ ಹತ್ತಿರ ಇರ್ತದೆ. ನಾಳೆ ಅಮ್ಮ ಅಲ್ಲಿ ಒಬ್ಬರೇ ಬಿದ್ರೆ?”

ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ತಿಂಗಳಿಗೆ ಹತ್ತು ದಿನ ನಾನು ಅಲ್ಲಿರುತ್ತೇನೆ, ಇಪ್ಪತ್ತು ದಿನ ಇರುವುದಿಲ್ಲ. ಈ ಪ್ರಶ್ನೆಗೆ ಯಾವ ಕೋಣೆಯ ನಕ್ಷೆಯಲ್ಲೂ ಉತ್ತರ ಇಲ್ಲ. ಆದರೆ ಅಮ್ಮ ಬೆಂಗಳೂರಿಗೆ ಬಂದು ಎರಡು ತಿಂಗಳು ಇದ್ದದ್ದೂ ನಿಜ. ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಕೆಳಗಿನ ಒಂದೇ ಒಂದು ತೆಂಗಿನ ಮರದ ಕಾಯಿ ಎಣಿಸುತ್ತಿದ್ದರು. ಹದಿನೇಳು ಅಂತ ಈಗಲೂ ನನಗೆ ನೆನಪಿದೆ. ಬಿದ್ದರೆ ಅಂತ ಹೆದರಿ ಅವರನ್ನು ಅಲ್ಲಿಂದ ಕೀಳುವುದಕ್ಕಿಂತ, ಬೀಳದ ಹಾಗೆ ಒಂದು ಜಾಗ ಮಾಡುವುದು ನನಗೆ ಸಾಧ್ಯವಿರುವ ಕೆಲಸ. ಪಕ್ಕದ ಮನೆಗೆ ಕೇಳುವ ಒಂದು ಬೆಲ್ಲು ಹಾಕಿಸಬಹುದು. ತೋಟದ ಕೆಲಸಕ್ಕೆ ಬರುವವರು ದಿನಾ ಬೆಳಗ್ಗೆ ಬರುತ್ತಾರೆ. ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಅವನು “ನೋಡುವಾ” ಅಂತ ಫೋನಿಟ್ಟ. ನಮ್ಮ ಮನೆಯಲ್ಲಿ ‘ನೋಡುವಾ’ ಅಂದರೆ ಇಲ್ಲ ಅಂತಲೂ ಆಗಬಹುದು, ಹೌದು ಅಂತಲೂ ಆಗಬಹುದು.

ಅಮ್ಮನಿಗೆ ಟಾಯ್ಲೆಟ್ ವಿಷಯ ಹೇಗೆ ಹೇಳುವುದು ಅಂತ ನನಗೆ ಅಳುಕಿತ್ತು. ನೆಂಟರಿಗೆ, ನನಗೆ ಅಂತ ಶುರು ಮಾಡಿದೆ. ರಾತ್ರಿ ನಾನು ಕಾಲಿನಲ್ಲಿರುವಾಗ ಬಚ್ಚಲಿಗೆ ಓಡಲು ದೂರ ಅಂತಲೂ ಸೇರಿಸಿದೆ. ಅವರು ನಕ್ಷೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಆ ಕಮೋಡಿನ ಹತ್ರ ಗೋಡೆಗೆ ಒಂದು ಹಿಡಿಕೆ ಇರ್ಲಿ” ಅಂದರು. “ನಿನಗೆ ವಯಸ್ಸಾದಾಗ ಬೇಕಾದೀತು.”

ನಾನು ತಲೆಯೆತ್ತಲಿಲ್ಲ. ಹಿಡಿಕೆ ಎರಡು, ಅಂತ ಬರೆದುಕೊಂಡೆ. ಹಟ್ಟಿಯ ಬಾಗಿಲಲ್ಲಿದ್ದ ಕಲ್ಲಿನ ಮರಿಗೆಯನ್ನು ಏನು ಮಾಡುವುದೆಂದು ಮೇಸ್ತ್ರಿಗಳು ಕೇಳಿದ್ದರು, ನಾಲ್ಕು ಆಳು ಬೇಕು ಎತ್ತಲು. ಅಮ್ಮ ಅದು ಅಲ್ಲೇ ಇರಲಿ ಅಂದರು, ಅದರಲ್ಲಿ ಒಂದೆಲಗ ನೆಡುತ್ತಾರಂತೆ. ಹಾಗಾಗಿ ಆರಡಿಯ ಇಳಿಜಾರನ್ನು ಎರಡಡಿ ಉತ್ತರಕ್ಕೆ ಸರಿಸಬೇಕಾಯಿತು. ಖರ್ಚೇನೂ ಹೆಚ್ಚಲಿಲ್ಲ.

ಶನಿವಾರ ಮೇಸ್ತ್ರಿಗಳಿಗೆ ಹತ್ತು ಸಾವಿರ ಅಡ್ವಾನ್ಸ್ ಕೊಟ್ಟು, ಭಾನುವಾರ ರಾತ್ರಿ ಪುತ್ತೂರಿನಲ್ಲಿ ಬಸ್ಸು ಹತ್ತಿದೆ. ಶಿರಾಡಿ ಘಾಟಿಯಲ್ಲಿ ನೆಟ್‌ವರ್ಕ್ ಹೋಗಿ, ಸಕಲೇಶಪುರದ ಹತ್ತಿರ ಮತ್ತೆ ಬಂದಾಗ ಅಣ್ಣನ ಎರಡು ಮೆಸೇಜು ಬಂದಿದ್ದವು. ಮೊದಲನೆಯದು: “ಕಮೋಡಿನ ಎತ್ತರ ಎಷ್ಟು ಇಟ್ಟಿದ್ದೀ? ಮಾಮೂಲಿದು ಬೇಡ, ಮಂಡಿನೋವಿನವರಿಗೆ ಹದಿನೆಂಟು ಇಂಚು ಬೇಕು.” ಎರಡನೆಯದು ಬ್ಯಾಂಕಿನದೊಂದು ಸ್ಕ್ರೀನ್‌ಶಾಟ್. ಬೆಲ್ಲಿಗೂ ಸರ್ಜ್ ಸಾಧನಕ್ಕೂ ಆಗಿ ಇಪ್ಪತ್ತೈದು ಸಾವಿರ ಹಾಕಿದ್ದ.